ಸರ್ಕಾರಿ ಆಸ್ಪತ್ರೆಯಲ್ಲಿ ಮುಖ್ಯಸ್ಥರು, ಸಿಬ್ಬಂದಿ ಬದಲಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಆಸ್ಪತ್ರೆಯ ಅಧೀಕ್ಷಕರು ವರ್ಗವಾದ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬರುವವರಿಗೆ, ಮುಂದಿನ ತಿಂಗಳ ಆಪರೇಷನ್‌ಗೆ ದಿನ ಪಡೆದುಕೊಂಡವರಿಗೆ, ಅಂಗವಿಕಲರ ಗುರುತಿನ ಚೀಟಿಗಾಗಿ ಓಡಾಡುತ್ತಿರುವವರಿಗೆ ಮಾತ್ರ ಆ ನಾಲ್ಕು ಸಾಲು ಹಲವು ಪ್ರಶ್ನೆಗಳನ್ನು ಹುಟ್ಟಿಸುತ್ತದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಮುಖ್ಯಸ್ಥರು ಬದಲಾಗುವುದರಿಂದ ರೋಗಿಗೆ ಆಗುವ ತೊಂದರೆ ಕಡಿಮೆ. ಹಳಬರು ಹೋಗಿ ಹೊಸಬರು ಬರುವ ನಡುವಿನ ತೆರಪು ಉದ್ದವಾಗುವುದರಿಂದ ಮತ್ತು ಆ ತೆರಪಿನಲ್ಲಿ ಯಾವ ಕೆಲಸ ಯಾರದೆಂದು ಕಾಗದದ ಮೇಲೆ ಬರದೆ ಉಳಿಯುವುದರಿಂದ ಆಗುವ ತೊಂದರೆಯೇ ಹೆಚ್ಚು ಎಂಬುದು ಈ ಉತ್ತರಗಳ ಹಿಂದಿರುವ ಅಭಿಪ್ರಾಯ.

ಯಾವ ಆಸ್ಪತ್ರೆಗೆ ಯಾರು ಮುಖ್ಯಸ್ಥರು?

ತಾಲ್ಲೂಕು ಆಸ್ಪತ್ರೆಗೆ ಆಡಳಿತ ವೈದ್ಯಾಧಿಕಾರಿ, ಜಿಲ್ಲಾ ಆಸ್ಪತ್ರೆಗೆ ಜಿಲ್ಲಾ ಶಸ್ತ್ರಚಿಕಿತ್ಸಕರು, ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗೆ ವೈದ್ಯಕೀಯ ಅಧೀಕ್ಷಕರು ಮುಖ್ಯಸ್ಥರು. ಜನರ ಬಾಯಲ್ಲಿ ಇವರೆಲ್ಲರೂ ‘ದೊಡ್ಡ ಡಾಕ್ಟ್ರು’. ಆದರೆ ಮೊದಲಿನ ಇಬ್ಬರು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವರು, ಮೂರನೆಯವರು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದವರು. ಈ ವ್ಯತ್ಯಾಸ ತಿಳಿದಿಲ್ಲದ ಕಾರಣಕ್ಕೇ ಎಷ್ಟೋ ಅರ್ಜಿಗಳು ತಪ್ಪು ಕಚೇರಿಗೆ ಹೋಗಿ ಅಲ್ಲಿಯೇ ಉಳಿಯುತ್ತವೆ. ಶಿವಮೊಗ್ಗದ ಮೆಗ್ಗಾನ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಬೆಂಗಳೂರಿನ ವಿಕ್ಟೋರಿಯಾ ಮತ್ತು ವಾಣಿ ವಿಲಾಸ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಅವುಗಳ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಟ್ಟರೆ ಆ ಅಧಿಕಾರಿ ನೇರವಾಗಿ ಮಾಡಬಹುದಾದದ್ದು ಬಹಳ ಕಡಿಮೆ.

ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯ ವ್ಯವಸ್ಥೆ ಬೇರೆ ರೀತಿಯದು. ಅದು ಆರೋಗ್ಯ ಇಲಾಖೆಯ ಜಿಲ್ಲಾ ಆಸ್ಪತ್ರೆಯಾದರೂ ಖಾಸಗಿ ವೈದ್ಯಕೀಯ ಕಾಲೇಜೊಂದರ ತಜ್ಞರು ದಶಕಗಳಿಂದ ಅಲ್ಲಿ ಸೇವೆ ಸಲ್ಲಿಸುತ್ತ, ತಮ್ಮ ವಿದ್ಯಾರ್ಥಿಗಳಿಗೆ ಅಲ್ಲಿಯೇ ಪಾಠ ಹೇಳುತ್ತ ಬಂದಿದ್ದಾರೆ. ಹೀಗಾಗಿ ಜಿಲ್ಲಾ ಶಸ್ತ್ರಚಿಕಿತ್ಸಕರು ಬದಲಾದರೂ ಕಾಲೇಜಿನ ಕಡೆಯಿಂದ ಬರುವ ತಜ್ಞರ ತಂಡಕ್ಕೆ ಆ ಆದೇಶ ಅನ್ವಯಿಸುವುದಿಲ್ಲ.

ವೈದ್ಯಕೀಯ ಕಾಲೇಜಿನಲ್ಲಿ ನಿರ್ದೇಶಕರೂ ಇದ್ದಾರೆ, ಅಧೀಕ್ಷಕರೂ ಇದ್ದಾರೆ. ಯಾರನ್ನು ಕಾಣಬೇಕು?

ವಾರ್ಡು, ಔಷಧಿ, ಶುಚಿತ್ವ, ಸಿಬ್ಬಂದಿಯ ನಡವಳಿಕೆ ಇವೆಲ್ಲ ಅಧೀಕ್ಷಕರ ವ್ಯಾಪ್ತಿಗೆ ಬರುತ್ತವೆ. ಕಾಲೇಜು, ಅಧ್ಯಾಪಕ ವೈದ್ಯರು ಮತ್ತು ಇಡೀ ಸಂಸ್ಥೆಯ ಹೊಣೆ ನಿರ್ದೇಶಕರದ್ದು. ಹಣಕಾಸು ಮತ್ತು ಕಚೇರಿ ಆಡಳಿತಕ್ಕೆ ಮುಖ್ಯ ಆಡಳಿತಾಧಿಕಾರಿ ಇರುತ್ತಾರೆ. ತುರ್ತಾಗಿ ಸ್ಥಳದಲ್ಲೇ ಆಗಬೇಕಾದ ಕೆಲಸಕ್ಕೆ ಇವರ್ಯಾರಿಗೂ ಕಾಯದೆ ನಿವಾಸಿ ವೈದ್ಯಾಧಿಕಾರಿಯನ್ನು, ಅಂದರೆ ಎಲ್ಲರೂ ಆರ್‌ಎಂಒ ಎಂದು ಕರೆಯುವವರನ್ನು, ಕಾಣುವುದೇ ಸರಿ.

ಮುಖ್ಯಸ್ಥರು ಇಷ್ಟು ಬೇಗ ಬೇಗ ಬದಲಾಗುವುದೇಕೆ?

ಒಂದು ಕಾರಣ ವಯಸ್ಸು. ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿ ವಯಸ್ಸು 60, ಮತ್ತು ಅರವತ್ತು ತುಂಬುವ ತಿಂಗಳ ಕೊನೆಯ ದಿನ ಅವರು ಸೇವೆಯಿಂದ ಬಿಡುಗಡೆಯಾಗುತ್ತಾರೆ. ಮುಖ್ಯಸ್ಥರ ಹುದ್ದೆಗೆ ಜ್ಯೇಷ್ಠತೆಯಲ್ಲಿ ಮೇಲಿರುವವರು ಬರುವುದರಿಂದ, ಆ ಕುರ್ಚಿಗೆ ತಲುಪುವಷ್ಟರಲ್ಲಿ ಅನೇಕರಿಗೆ ಉಳಿದಿರುವ ಸೇವಾವಧಿ ಚಿಕ್ಕದಾಗಿರುತ್ತದೆ. ನಿವೃತ್ತಿಯ ದಿನಾಂಕ ಸೇವಾ ಪುಸ್ತಕದಲ್ಲಿ ಮೊದಲ ದಿನವೇ ಬರೆದಿರುತ್ತದೆ, ಇಲಾಖೆಗೆ ಅದು ದಶಕಗಳ ಮುಂಚೆಯೇ ಗೊತ್ತಿರುತ್ತದೆ. ಹೀಗಿದ್ದೂ ಕೊನೆಯ ದಿನದ ಸಂಜೆಯವರೆಗೆ ಉತ್ತರಾಧಿಕಾರಿಯ ಆದೇಶ ಹೊರಡದಿದ್ದರೆ ಅದಕ್ಕೆ ಸಮರ್ಥನೆ ಇಲ್ಲ.

ಉಳಿದ ಕಾರಣಗಳು ಬಡ್ತಿ, ವರ್ಗಾವಣೆ, ಸ್ವಂತ ಕೋರಿಕೆ, ನ್ಯಾಯಾಲಯ ಅಥವಾ ಆಡಳಿತ ನ್ಯಾಯಮಂಡಳಿಯ ಆದೇಶ, ಶಿಸ್ತುಕ್ರಮ ಮತ್ತು ರಾಜಕೀಯ ಒತ್ತಡ.

ಹೊಸದಾಗಿ ಬಂದವರು ‘ಪ್ರಭಾರ’ ಮುಖ್ಯಸ್ಥರೆಂದು ಹೇಳುತ್ತಾರೆ. ಅವರಿಗೆ ಪೂರ್ಣ ಅಧಿಕಾರ ಇರುತ್ತದೆಯೇ?

ಕಾಯಂ ನೇಮಕ ಆಗುವವರೆಗೆ ಹುದ್ದೆ ಖಾಲಿ ಬಿಡಲಾಗದು ಎಂಬ ಕಾರಣಕ್ಕೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ ಎರಡು ದಾರಿಗಳನ್ನು ಕೊಟ್ಟಿದೆ. 32ನೇ ನಿಯಮದಡಿ ಕೆಳ ದರ್ಜೆಯ ಅಧಿಕಾರಿಯೊಬ್ಬರನ್ನು ಬಡ್ತಿ ನೀಡದೆಯೇ ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರದಲ್ಲಿ ಇರಿಸಬಹುದು. 68ನೇ ನಿಯಮದಡಿ ತಮ್ಮ ಹುದ್ದೆಯ ಜೊತೆಗೆ ಇನ್ನೊಂದು ಹುದ್ದೆಯನ್ನೂ ನೋಡಿಕೊಳ್ಳುವಂತೆ ಹೆಚ್ಚುವರಿ ಪ್ರಭಾರ ವಹಿಸಬಹುದು. ಸಹಿ ಹಾಕುವ, ರಜೆ ಮಂಜೂರು ಮಾಡುವ, ದಿನನಿತ್ಯದ ಖರ್ಚಿಗೆ ಒಪ್ಪಿಗೆ ಕೊಡುವ ಅಧಿಕಾರ ಪ್ರಭಾರದಲ್ಲಿರುವವರಿಗೂ ಇರುತ್ತದೆ. ಆದ್ದರಿಂದ ‘ಪ್ರಭಾರದಲ್ಲಿರುವವರು, ಅವರಿಂದ ಆಗುವುದಿಲ್ಲ’ ಎಂದು ಯಾರಾದರೂ ನಿಮ್ಮನ್ನು ಸಾಗಹಾಕಿದರೆ ಒಪ್ಪಬೇಕಾಗಿಲ್ಲ.

ತೊಂದರೆ ಇರುವುದು ಇನ್ನೊಂದು ಕಡೆ. ಮುಂದಿನ ವಾರವೇ ಬೇರೊಬ್ಬರು ಬರಬಹುದೆಂಬ ಸ್ಥಿತಿಯಲ್ಲಿರುವ ಅಧಿಕಾರಿ ಎರಡು ವರ್ಷದ ಯೋಜನೆಗೆ ಕೈಹಾಕುವುದಿಲ್ಲ. ಹಳೆಯ ಎಕ್ಸ್‌ರೇ ಯಂತ್ರ ಬದಲಿಸುವ ಪ್ರಸ್ತಾವ, ಕಳಪೆ ಕೆಲಸ ಮಾಡುವ ಗುತ್ತಿಗೆದಾರರ ಮೇಲಿನ ಕ್ರಮ, ಸರಿಯಾಗಿ ಬಾರದ ಸಹೋದ್ಯೋಗಿಗೆ ನೋಟಿಸು, ಇಂಥವೆಲ್ಲ ‘ಕಾಯಂ ಆಗಿ ಬರುವವರು ನೋಡಿಕೊಳ್ಳಲಿ’ ಎಂದು ಪಕ್ಕಕ್ಕೆ ಸರಿಯುತ್ತವೆ. ಬಹುತೇಕ ಸರ್ಕಾರಿ ಆಸ್ಪತ್ರೆಗಳ ಮುಖ್ಯಸ್ಥರ ಕೊಠಡಿಯಲ್ಲಿ, ಕುರ್ಚಿಯ ಹಿಂದಿನ ಗೋಡೆಯ ಮೇಲೆ, ಈವರೆಗೆ ಕಾರ್ಯನಿರ್ವಹಿಸಿದವರ ಹೆಸರು, ‘ಇಂದ’ ಮತ್ತು ‘ವರೆಗೆ’ ದಿನಾಂಕಗಳಿರುವ ಫಲಕ ತೂಗುಹಾಕಿರುತ್ತಾರೆ. ಒಳಗೆ ಹೋದಾಗ ಅದನ್ನು ಒಮ್ಮೆ ಓದಿ. ಎಷ್ಟು ಹೆಸರುಗಳ ಮುಂದೆ ಆವರಣದಲ್ಲಿ ‘ಪ್ರಭಾರ’ ಎಂದಿದೆ, ಎರಡು ದಿನಾಂಕಗಳ ನಡುವೆ ಎಷ್ಟು ತಿಂಗಳಿದೆ ಎಂಬುದು ಆ ಆಸ್ಪತ್ರೆಯ ಸ್ಥಿತಿಯನ್ನು ವಾರ್ಷಿಕ ವರದಿಗಿಂತ ಸ್ಪಷ್ಟವಾಗಿ ಹೇಳುತ್ತದೆ.

ಜಯದೇವ ಹೃದ್ರೋಗ ಸಂಸ್ಥೆಯಲ್ಲಿ 2024ರಲ್ಲಿ ನಿರ್ದೇಶಕರು ಬದಲಾದರಲ್ಲ, ಅಲ್ಲಿ ಏನಾಯಿತು?

ಈ ವಿಷಯದಲ್ಲಿ ಕನ್ನಡಿಗರೆಲ್ಲರಿಗೂ ನೆನಪಿರುವ ಉದಾಹರಣೆ ಅದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆ. 1972ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಆರಂಭವಾಗಿ, ಬನ್ನೇರುಘಟ್ಟ ರಸ್ತೆಯ ದೊಡ್ಡ ಆವರಣಕ್ಕೆ ಬೆಳೆದು, ಮೈಸೂರು ಮತ್ತು ಕಲಬುರಗಿಗೂ ಹರಡಿಕೊಂಡಿದೆ. ಡಾ. ಸಿ.ಎನ್. ಮಂಜುನಾಥ್ ಅವರು ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಅದರ ನಿರ್ದೇಶಕರಾಗಿದ್ದರು. ‘ಮೊದಲು ಚಿಕಿತ್ಸೆ, ಆಮೇಲೆ ಹಣ’ ಎಂಬ ನಡೆ ಅವರ ಕಾಲದಲ್ಲಿ ಸಂಸ್ಥೆಯ ಗುರುತಾಯಿತು. ಸರ್ಕಾರ ಅವರ ಅವಧಿಯನ್ನು ವಿಸ್ತರಿಸಿತ್ತು. ಅದು ಮುಗಿದು 2024ರ ಜನವರಿ 31ರಂದು ಅವರು ನಿವೃತ್ತರಾದರು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಅದೇ ಸಂಸ್ಥೆಯ ಹಿರಿಯ ಹೃದ್ರೋಗ ತಜ್ಞರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರು ಪ್ರಭಾರ ನಿರ್ದೇಶಕರಾಗಿ ಹೊಣೆ ವಹಿಸಿಕೊಂಡರು.

ಆಗ ರೋಗಿಗಳ ಮನಸ್ಸಿನಲ್ಲಿದ್ದ ಆತಂಕ ಒಂದೇ: ‘ಅವರು ಹೋದ ಮೇಲೆ ಬಡವರಿಗೆ ಮೊದಲಿನಂತೆ ನಡೆಯುತ್ತದೆಯೇ?’ ಸಂಸ್ಥೆ ನಿಲ್ಲಲಿಲ್ಲ. 371 ಹಾಸಿಗೆಗಳ ಕಲಬುರಗಿ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಜನರನ್ನು ಕಂಗೆಡಿಸಿದಾಗ, ಅಧ್ಯಯನಕ್ಕೆ ಸರ್ಕಾರ ನೇಮಿಸಿದ ಸಮಿತಿಯ ನೇತೃತ್ವವನ್ನು ಜಯದೇವದ ನಿರ್ದೇಶಕರೇ ವಹಿಸಿದರು. ಘಟಕಗಳ ಮುಖ್ಯಸ್ಥರು, ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬಿನ ತಂತ್ರಜ್ಞರು, ಐಸಿಯು ಶುಶ್ರೂಷಾಧಿಕಾರಿಗಳು ಹುದ್ದೆಯಲ್ಲಿರುವವರೆಗೆ ನಿರ್ದೇಶಕರೊಬ್ಬರ ನಿವೃತ್ತಿಯಿಂದ ಚಿಕಿತ್ಸೆ ಕುಸಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಒಬ್ಬರೇ ಬಹುಕಾಲ ಮುಖ್ಯಸ್ಥರಾಗಿರುವುದು ಒಳ್ಳೆಯದೇ?

ಮೂರು ತಿಂಗಳಿಗೊಬ್ಬರು ಬದಲಾಗುವುದಕ್ಕಿಂತ ಖಂಡಿತ ಒಳ್ಳೆಯದು. ಆಸ್ಪತ್ರೆಯೊಂದರ ಒಳಗುಟ್ಟು ತಿಳಿಯಲಿಕ್ಕೇ ಒಂದು ವರ್ಷ ಬೇಕು. ದಾನಿಗಳಿಗೆ, ಸರ್ಕಾರಕ್ಕೆ, ಸಿಬ್ಬಂದಿಗೆ ಆ ವ್ಯಕ್ತಿಯ ಮಾತಿನ ಮೇಲೆ ಭರವಸೆ ಮೂಡಲು ಇನ್ನೂ ಹೆಚ್ಚು ಕಾಲ ಬೇಕು. ಆದರೆ ದೀರ್ಘಾವಧಿಯ ಮುಖ್ಯಸ್ಥರಿಗೆ ಒಂದು ಹೆಚ್ಚಿನ ಹೊಣೆಯೂ ಇರುತ್ತದೆ. ಬಡ ರೋಗಿಗೆ ರಿಯಾಯಿತಿ ಕೊಡುವುದು ಅವರ ವೈಯಕ್ತಿಕ ಔದಾರ್ಯವಾಗಿ ಉಳಿಯದೆ ಲಿಖಿತ ನಿಯಮವಾಗಬೇಕು, ಎರಡನೆಯ ಸಾಲಿನ ವೈದ್ಯರಿಗೆ ಆಡಳಿತದ ಅನುಭವ ಸಿಗಬೇಕು. ನಿರ್ದೇಶಕರ ಕೊಠಡಿಯ ಮುಂದೆ ಚೀಟಿ ಹಿಡಿದು ನಿಂತವರಿಗೆ ಮಾತ್ರ ಸಿಗುವ ರಿಯಾಯಿತಿ ಆ ನಿರ್ದೇಶಕರ ಜೊತೆಗೇ ನಿವೃತ್ತವಾಗುತ್ತದೆ.

ಅಧಿಕಾರ ಹಸ್ತಾಂತರದ ದಿನ ನಿಜವಾಗಿ ಏನು ನಡೆಯುತ್ತದೆ?

ಹೋಗುವವರೂ ಬರುವವರೂ ಒಂದೇ ಕಾಗದಕ್ಕೆ ಸಹಿ ಹಾಕುತ್ತಾರೆ. ಕಚೇರಿಯಲ್ಲಿ ಅದನ್ನು ಸಿಟಿಸಿ, ಅಂದರೆ ಪ್ರಭಾರ ಹಸ್ತಾಂತರದ ಪ್ರಮಾಣಪತ್ರ, ಎನ್ನುತ್ತಾರೆ. ಅದರಲ್ಲಿ ದಿನಾಂಕ ಇರುತ್ತದೆ, ‘ಪೂರ್ವಾಹ್ನ’ ಅಥವಾ ‘ಅಪರಾಹ್ನ’ ಎಂದೂ ಬರೆದಿರುತ್ತದೆ. ಆ ಗಳಿಗೆಯಿಂದ ಹೊಣೆ ಕೈ ಬದಲಾಗುತ್ತದೆ.

ಅದರಾಚೆಗಿನ ಕೆಲಸ ದೊಡ್ಡದು. ಮುಖ್ಯಸ್ಥರು ಸಾಮಾನ್ಯವಾಗಿ ಹಣ ಸೆಳೆಯುವ ಮತ್ತು ಬಟವಾಡೆ ಮಾಡುವ ಅಧಿಕಾರಿಯೂ ಆಗಿರುತ್ತಾರೆ. ಸರ್ಕಾರಿ ಹಣ ಪಾವತಿಯ ಖಜಾನೆ-2 ತಂತ್ರಾಂಶದಲ್ಲಿ ಹಳಬರ ಹೆಸರು ತೆಗೆದು ಹೊಸಬರ ಡಿಜಿಟಲ್ ಸಹಿ ಜೋಡಿಸುವವರೆಗೆ ಬಿಲ್ಲುಗಳು ಮುಂದೆ ಹೋಗುವುದಿಲ್ಲ. ಇದು ತಡವಾದರೆ ಸಿಬ್ಬಂದಿಯ ಸಂಬಳ, ಆಮ್ಲಜನಕ ಪೂರೈಸುವವರ ಬಾಕಿ, ರೋಗಿಗಳ ಊಟದ ಗುತ್ತಿಗೆಯ ಹಣ ಎಲ್ಲವೂ ತಡವಾಗುತ್ತವೆ. ಔಷಧಿಗೂ ಇದೇ ಮಾತು ಅನ್ವಯಿಸುತ್ತದೆ. ಸರ್ಕಾರಿ ಆಸ್ಪತ್ರೆಗಳಿಗೆ ಮುಖ್ಯವಾಗಿ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದಿಂದ ಔಷಧಿ ಬರುತ್ತದೆ. ಅಲ್ಲಿ ದಾಸ್ತಾನು ಇಲ್ಲದಾಗ ಆಸ್ಪತ್ರೆಯೇ ಸ್ಥಳೀಯವಾಗಿ ಖರೀದಿಸಬೇಕು, ಅದಕ್ಕೆ ಮುಖ್ಯಸ್ಥರ ಒಪ್ಪಿಗೆ ಬೇಕು. ಹುದ್ದೆ ಬದಲಾದ ವಾರದಲ್ಲಿ ‘ಔಷಧಿ ಹೊರಗಡೆ ತನ್ನಿ’ ಎಂದು ಚೀಟಿ ಬರೆದುಕೊಡುವುದು ಹೆಚ್ಚಾದರೆ, ಅದರ ಬೇರು ಅನೇಕ ವೇಳೆ ಇಲ್ಲಿರುತ್ತದೆ.

ಒಳ್ಳೆಯ ಅಧಿಕಾರಿಗಳು ಹೊರಡುವ ಮೊದಲು ಒಂದು ಟಿಪ್ಪಣಿ ಬರೆದಿಡುತ್ತಾರೆ. ಯಾವ ಲಿಫ್ಟ್ ಕೆಟ್ಟಿದೆ, ಯಾವ ವೆಂಟಿಲೇಟರಿನ ನಿರ್ವಹಣಾ ಒಪ್ಪಂದ ಯಾವಾಗ ಮುಗಿಯುತ್ತದೆ, ಯಾವ ಪ್ರಕರಣ ನ್ಯಾಯಾಲಯದಲ್ಲಿದೆ, ರಕ್ತನಿಧಿಯ ಪರವಾನಗಿ ನವೀಕರಣ ಎಲ್ಲಿಗೆ ಬಂದಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಈ ಟಿಪ್ಪಣಿ ಪ್ರತಿ ಆಸ್ಪತ್ರೆಯಲ್ಲೂ ಕಡ್ಡಾಯವಾಗಬೇಕೆಂದು, ಆಸ್ಪತ್ರೆಯ ಉಸ್ತುವಾರಿಗೆ ಇರುವ ಆರೋಗ್ಯ ರಕ್ಷಾ ಸಮಿತಿಗಳು ಒತ್ತಾಯಿಸಬೇಕು.

ನನಗೆ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಅಧೀಕ್ಷಕರು ಬದಲಾದರೆ ಅದು ರದ್ದಾಗುತ್ತದೆಯೇ?

ಆಗುವುದಿಲ್ಲ. ದಿನ ಕೊಡುವುದು ನಿಮ್ಮನ್ನು ನೋಡುತ್ತಿರುವ ವಿಭಾಗ ಅಥವಾ ಘಟಕ.

ನನ್ನನ್ನು ನೋಡುತ್ತಿದ್ದ ವೈದ್ಯರೇ ವರ್ಗವಾದರೆ?

ಇದು ಹೆಚ್ಚು ನೋವಿನ ಸಂಗತಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆ ತಜ್ಞರು, ಅರಿವಳಿಕೆ ತಜ್ಞರು, ಸ್ತ್ರೀರೋಗ ತಜ್ಞರು ಒಬ್ಬೊಬ್ಬರೇ ಇರುವುದುಂಟು. ಅರಿವಳಿಕೆ ತಜ್ಞರು ಹೋದರೆ ಉಳಿದ ಇಬ್ಬರು ಇದ್ದೂ ಶಸ್ತ್ರಚಿಕಿತ್ಸಾ ಕೊಠಡಿ ಬೀಗ ಹಾಕಿಕೊಳ್ಳುತ್ತದೆ, ಸಿಸೇರಿಯನ್ ಹೆರಿಗೆಗಳು ಜಿಲ್ಲಾ ಕೇಂದ್ರಕ್ಕೆ ಹೋಗುತ್ತವೆ. ಜನರಿಗೆ ಮುಖ್ಯಸ್ಥರ ವರ್ಗಾವಣೆ ಸುದ್ದಿಯಾಗಿ ಕಾಣುತ್ತದೆ, ಆದರೆ ತಾಲ್ಲೂಕಿನ ಗರ್ಭಿಣಿಯರಿಗೆ ಅರಿವಳಿಕೆ ತಜ್ಞರ ವರ್ಗಾವಣೆಯೇ ದೊಡ್ಡ ಸುದ್ದಿ.

ವೈದ್ಯರು ಹೊರಡುವರೆಂದು ತಿಳಿದ ಕೂಡಲೇ ನಿಮ್ಮ ಹೊರರೋಗಿ ಚೀಟಿ, ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ಫಿಲ್ಮ್, ರಕ್ತಪರೀಕ್ಷೆಯ ವರದಿಗಳನ್ನು ಒಂದೆಡೆ ಸೇರಿಸಿಟ್ಟುಕೊಳ್ಳಿ. ಮುಂದಿನ ಚಿಕಿತ್ಸೆಯ ಯೋಜನೆಯನ್ನು ಅವರ ಕೈಯಿಂದಲೇ ಎರಡು ಸಾಲು ಬರೆಸಿಕೊಳ್ಳಿ. ಮಾನಸಿಕ ಆರೋಗ್ಯದ ಔಷಧಿ, ಫಿಟ್ಸ್ ಔಷಧಿ, ಇನ್ಸುಲಿನ್ ತೆಗೆದುಕೊಳ್ಳುವವರು ಹೊಸ ವೈದ್ಯರು ಬರಲಿ ಎಂದು ಕಾಯುತ್ತ ಔಷಧಿ ನಿಲ್ಲಿಸಬಾರದು. ಇರುವ ಯಾವುದೇ ವೈದ್ಯಾಧಿಕಾರಿ ಹಳೆಯ ಚೀಟಿಯನ್ನು ನೋಡಿ, ನಿಮ್ಮ ಸ್ಥಿತಿಯನ್ನು ಪರೀಕ್ಷಿಸಿ, ಔಷಧಿಯನ್ನು ಮುಂದುವರಿಸುವ ಬಗ್ಗೆ ತೀರ್ಮಾನಿಸಬಹುದು.

ವೈದ್ಯರ ವರ್ಗಾವಣೆಗೆ ನಿಯಮಗಳಿವೆಯೇ, ಅಥವಾ ಪ್ರಭಾವ ಇದ್ದವರದೇ ನಡೆಯುತ್ತದೆಯೇ?

ನಿಯಮಗಳಿವೆ. ಆರೋಗ್ಯ ಇಲಾಖೆಯ ವೈದ್ಯಾಧಿಕಾರಿಗಳು ಮತ್ತು ಇತರ ಸಿಬ್ಬಂದಿಯ ವರ್ಗಾವಣೆ ನಿಯಂತ್ರಿಸಲು ರಾಜ್ಯದಲ್ಲಿ 2011ರ ಕಾಯ್ದೆಯೇ ಇದೆ. ಕೆಲಸದ ಸ್ಥಳಗಳನ್ನು ವಲಯಗಳಾಗಿ ವಿಂಗಡಿಸಿ, ಕೌನ್ಸೆಲಿಂಗ್ ಮೂಲಕ ಸ್ಥಳ ಆಯ್ಕೆಗೆ ಅವಕಾಶ ಕೊಡುವುದು ಅದರ ತಿರುಳು. ನಗರದಲ್ಲೇ ಬೇರೂರಿದವರು ಹಳ್ಳಿಗೂ ಹೋಗಬೇಕು, ಹಳ್ಳಿಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಪಟ್ಟಣದ ಬಾಗಿಲು ತೆರೆಯಬೇಕು ಎಂಬ ಆಶಯ ನ್ಯಾಯವಾದದ್ದು.

ನಿಯಮ ಸಡಿಲಗೊಳ್ಳುವ ಜಾಗ ನಿಯೋಜನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ‘ತಾತ್ಕಾಲಿಕವಾಗಿ’ ಪಟ್ಟಣದ ಆಸ್ಪತ್ರೆಗೆ ನಿಯೋಜಿಸಿದಾಗ ಕಡತದಲ್ಲಿ ಹಳ್ಳಿಯ ಹುದ್ದೆ ಭರ್ತಿಯಾಗಿಯೇ ಇರುತ್ತದೆ, ಸಂಬಳವೂ ಅಲ್ಲಿಂದಲೇ ಆಗುತ್ತದೆ, ಆದರೆ ಹಳ್ಳಿಯವರು ಹೋದಾಗ ವೈದ್ಯರ ಕುರ್ಚಿ ಖಾಲಿ. ಖಾಲಿ ಹುದ್ದೆ ಎಷ್ಟು ಎಂದು ಕೇಳುವವರು ನಿಯೋಜನೆಯ ಮೇಲೆ ಎಷ್ಟು ಮಂದಿ ಹೊರಗಿದ್ದಾರೆ ಎಂದೂ ಕೇಳಲೇಬೇಕು.

ಪ್ರತಿ ವರ್ಷ ಹೊಸ ಹೊಸ ಎಳೆಯ ವೈದ್ಯರು ಕಾಣಿಸುತ್ತಾರೆ. ಅವರು ಯಾರು?

ಕಾಲೇಜು ಆಸ್ಪತ್ರೆಗಳಲ್ಲಿ ಎಂಬಿಬಿಎಸ್ ಓದು ಮುಗಿಸಿ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ರಾಜ್ಯದ 2012ರ ಕಡ್ಡಾಯ ಸೇವಾ ಕಾಯ್ದೆಯಡಿ ಒಂದು ವರ್ಷಕ್ಕೆ ಬಂದವರೂ ಇರಬಹುದು. ವರ್ಷ ಮುಗಿದ ಮೇಲೆ ಅವರು ಹೋಗುವುದು ಸಹಜ ಕ್ರಮ, ಯಾರೂ ಬೇಸತ್ತು ಬಿಟ್ಟುಹೋದರೆಂದು ಭಾವಿಸಬೇಕಿಲ್ಲ.

ಶುಶ್ರೂಷಾಧಿಕಾರಿಗಳು, ಲ್ಯಾಬ್ ತಂತ್ರಜ್ಞರು, ಗ್ರೂಪ್ ‘ಡಿ’ ನೌಕರರ ಬದಲಾವಣೆ ಸುದ್ದಿಯೇ ಆಗುವುದಿಲ್ಲವಲ್ಲ?

ಆಗಬೇಕು. ರಾತ್ರಿ ಪಾಳಿಯಲ್ಲಿ ವಾರ್ಡನ್ನು ನಿಜವಾಗಿ ನಡೆಸುವವರು ನಾವು ‘ಸಿಸ್ಟರ್’ ಎಂದು ಕರೆಯುವ ಶುಶ್ರೂಷಾಧಿಕಾರಿಗಳು. ಯಾವ ಹಾಸಿಗೆಯ ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ, ಯಾವ ಮಾನಿಟರ್ ಸುಳ್ಳು ಅಂಕಿ ತೋರಿಸುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ. ಇವರಲ್ಲಿ ಕಾಯಂ ನೌಕರರೂ ಇದ್ದಾರೆ, ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲೆ ದುಡಿಯುವವರೂ ಇದ್ದಾರೆ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ಬಂತೆಂದರೆ ಗುತ್ತಿಗೆಯವರಿಗೆ ನವೀಕರಣದ ಚಿಂತೆ. ಶುಚಿತ್ವ, ಭದ್ರತೆ, ಅಡುಗೆಯ ಕೆಲಸ ಬಹುತೇಕ ಹೊರಗುತ್ತಿಗೆಯಲ್ಲಿದೆ. ಏಜೆನ್ಸಿ ಬದಲಾದರೆ ಹತ್ತು ವರ್ಷದಿಂದ ಅದೇ ವಾರ್ಡು ಗುಡಿಸಿದವರ ಕೆಲಸವೂ ಅನಿಶ್ಚಿತವಾಗುತ್ತದೆ. ಒಂದೇ ಕೆಲಸವನ್ನು ಒಂದೇ ವಾರ್ಡಿನಲ್ಲಿ ಮಾಡುವ ಕಾಯಂ ಮತ್ತು ಗುತ್ತಿಗೆ ನೌಕರರ ನಡುವೆ ಸಂಬಳದಲ್ಲಿ ಅಂತರ ಇರುವುದು ಅನ್ಯಾಯ, ಅದನ್ನು ಸ್ಪಷ್ಟವಾಗಿಯೇ ಹೇಳಬೇಕು.

ಹಳೆಯ ಮುಖ್ಯಸ್ಥರು ಸಹಿ ಮಾಡಿದ ಪ್ರಮಾಣಪತ್ರಗಳು ಈಗಲೂ ನಡೆಯುತ್ತವೆಯೇ?

ನಡೆಯುತ್ತವೆ. ಸಹಿ ಮಾಡಿದ ದಿನ ಅವರು ಆ ಹುದ್ದೆಯಲ್ಲಿದ್ದರೆ ಸಾಕು. ಅಂಗವಿಕಲತೆ ಪ್ರಮಾಣಪತ್ರ, ಗಾಯದ ಪ್ರಮಾಣಪತ್ರ, ಶಿಫಾರಸು ಪತ್ರ ಯಾವುದನ್ನೂ ಹೊಸಬರ ಸಹಿಗಾಗಿ ಮತ್ತೆ ಮಾಡಿಸಬೇಕಿಲ್ಲ. ಪ್ರಮಾಣಪತ್ರದಲ್ಲಿಯೇ ಅವಧಿ ನಮೂದಿಸಿದ್ದರೆ ಆ ದಿನಾಂಕಕ್ಕೆ ನವೀಕರಿಸಿದರಾಯಿತು.

ಮುಖ್ಯಸ್ಥರು ಅಮಾನತಾದರು ಎಂದರೆ ತಪ್ಪು ಮಾಡಿದರು ಎಂದೇ ಅರ್ಥವೇ?

ಅಲ್ಲ. 1957ರ ಶಿಸ್ತು ನಿಯಮಗಳ ಪ್ರಕಾರ ಅಮಾನತು ದಂಡನೆಯಲ್ಲ. ತನಿಖೆಗೆ ಅಡ್ಡಿಯಾಗದಂತೆ ಅಧಿಕಾರಿಯನ್ನು ಕೆಲಸದಿಂದ ದೂರವಿಡುವ ಕ್ರಮ ಅದು, ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಕೊಡಲಾಗುತ್ತದೆ. ಆರೋಪಪಟ್ಟಿ, ಇಲಾಖಾ ವಿಚಾರಣೆ, ವರದಿ ಇವೆಲ್ಲ ಮುಗಿದ ಮೇಲಷ್ಟೇ ದಂಡನೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಡ್ರಿಪ್ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದು, ರಾಜ್ಯದ ಔಷಧ ನಿಯಂತ್ರಕರನ್ನು ಸರ್ಕಾರ ಅಮಾನತುಗೊಳಿಸಿತು. ವೈದ್ಯರ ಕೈತಪ್ಪು ಎಂದಷ್ಟೇ ನೋಡದೆ ಔಷಧಿ ಆಸ್ಪತ್ರೆಗೆ ಬರುವ ಹಾದಿಯನ್ನೂ ನೋಡಿದ್ದು ಸರಿಯಾಗಿತ್ತು. ಸಾವು ಸಂಭವಿಸಿದ ಕೂಡಲೇ ಕೈಗೆ ಸಿಕ್ಕ ಅಧೀಕ್ಷಕರನ್ನೋ ಕರ್ತವ್ಯದಲ್ಲಿದ್ದ ಸಿಸ್ಟರನ್ನೋ ಅಮಾನತು ಮಾಡಿ ಜನರ ಕೋಪ ತಣಿಸುವ ರೂಢಿ ನಿಲ್ಲಬೇಕು. ಅದರಿಂದ ಮುಂದಿನ ತಾಯಿಯ ಜೀವ ಉಳಿಯುವುದಿಲ್ಲ.

ವೈದ್ಯರನ್ನು ಆಡಳಿತಕ್ಕೆ ಹಾಕುವ ಬದಲು ಐಎಎಸ್, ಕೆಎಎಸ್ ಅಧಿಕಾರಿಗಳನ್ನೇ ಮುಖ್ಯಸ್ಥರನ್ನಾಗಿ ಮಾಡಬಾರದೇ?

ಕಚೇರಿ ಆಡಳಿತಕ್ಕೆ ಈಗಾಗಲೇ ಅಂಥ ಅಧಿಕಾರಿಗಳಿದ್ದಾರೆ. ರಾತ್ರಿ ಎರಡು ಗಂಟೆಗೆ ಐಸಿಯು ಹಾಸಿಗೆ ಯಾರಿಗೆ ಎಂಬ ತೀರ್ಮಾನದ ಹಿಂದೆ ವೈದ್ಯರೇ ಇರಬೇಕು. ಆದರೆ ಒಳ್ಳೆಯ ಶಸ್ತ್ರಚಿಕಿತ್ಸಕರು ಮುಖ್ಯಸ್ಥರಾದ ದಿನದಿಂದ ಟೆಂಡರ್ ಕಡತಗಳಲ್ಲಿ ಮುಳುಗಿ, ಆಪರೇಷನ್ ಕೊಠಡಿಯಿಂದ ದೂರವಾಗುವುದು ರೋಗಿಗಳಿಗೆ ನಷ್ಟ. ಹುದ್ದೆ ವಹಿಸುವ ಮೊದಲೇ ಲೆಕ್ಕಪತ್ರ ಮತ್ತು ಖರೀದಿ ನಿಯಮಗಳಲ್ಲಿ ತರಬೇತಿ ಕೊಟ್ಟು, ಜೊತೆಗೊಬ್ಬ ಸಮರ್ಥ ಕಚೇರಿ ಅಧೀಕ್ಷಕರನ್ನು ಕೊಟ್ಟರೆ ಈ ನಷ್ಟವನ್ನು ತಗ್ಗಿಸಬಹುದು.

ಈಗ ಯಾರು ಮುಖ್ಯಸ್ಥರು, ಎಷ್ಟು ಹುದ್ದೆ ಖಾಲಿ ಎಂಬ ಮಾಹಿತಿ ಎಲ್ಲಿ ಸಿಗುತ್ತದೆ?

ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಕಲಮಿನ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ಅಧಿಕಾರಿಗಳ ಮತ್ತು ನೌಕರರ ಪಟ್ಟಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಹಳೆಯ ಪಟ್ಟಿಯೇ ಇದ್ದರೆ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ‘ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ, ನಿಯೋಜನೆಯ ಮೇಲೆ ಹೊರಗಿರುವವರು, ಯಾವ ದಿನಾಂಕದಿಂದ’ ಎಂದು ಹೀಗೆ ಬಿಡಿಸಿ ಕೇಳಿ. ‘ಸಿಬ್ಬಂದಿ ವಿವರ ಕೊಡಿ’ ಎಂದು ಒಟ್ಟಾಗಿ ಕೇಳಿದರೆ ಉತ್ತರವೂ ಒಟ್ಟಾಗಿಯೇ ಬರುತ್ತದೆ.

ನಿವೃತ್ತರಾಗುವವರಿಗೆ ಸಾರ್ವಜನಿಕರು ಸನ್ಮಾನ ಮಾಡಬಹುದೇ?

ಮನಸ್ಸಿನಿಂದ ಮಾಡಿ, ಆದರೆ ಹೊರರೋಗಿ ವಿಭಾಗದ ಸಮಯದಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಹಾರ ತುರಾಯಿ ಮತ್ತು ಧ್ವನಿವರ್ಧಕದೊಂದಿಗೆ ಬೇಡ.

ಹೊಸ ಮುಖ್ಯಸ್ಥರಿಗೆ ಅಹವಾಲು ಕೊಡುವುದು ಹೇಗೆ?

ಬಂದ ಮೊದಲ ವಾರ ಶುಭಾಶಯ ಹೇಳುವವರ ಗುಂಪೇ ಹೆಚ್ಚಿರುತ್ತದೆ, ಆದ್ದರಿಂದ ಎರಡನೆಯ ವಾರ ಹೋಗಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ. ಹಿಂದಿನವರಿಗೆ ಕೊಟ್ಟಿದ್ದ ಅರ್ಜಿಯಿದ್ದರೆ ಅದರ ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ನಮೂದಿಸಿ, ಪ್ರತಿಯನ್ನು ಲಗತ್ತಿಸಿ. ಅರ್ಜಿಯನ್ನು ಮುಖ್ಯಸ್ಥರ ಕೈಗೆ ಕೊಟ್ಟು ಬರುವುದಕ್ಕಿಂತ ಕಚೇರಿಯ ಆವಕ ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದು ಮೇಲು. ವ್ಯಕ್ತಿಯ ಹೆಸರಿಗೆ ಬರೆಯಬೇಡಿ, ಹುದ್ದೆಗೆ ಬರೆಯಿರಿ, ಆಗ ಅವರೂ ವರ್ಗವಾದರೆ ಅರ್ಜಿ ಅದೇ ಮೇಜಿನ ಮೇಲೆ ಉಳಿಯುತ್ತದೆ. ಉತ್ತರ ಬಾರದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿ, ಮತ್ತು ಅದೇ ಅರ್ಜಿಯ ಪ್ರತಿಯನ್ನು ಆರೋಗ್ಯ ರಕ್ಷಾ ಸಮಿತಿಯ ಅಧ್ಯಕ್ಷರಿಗೆ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಕೋರಿ ಕಳುಹಿಸಿ.